ಹಾಡಲು ಬರುತ್ತದೆ, ಶಾಸ್ತ್ರ ಬರೆಯಲು ಬರುವುದಿಲ್ಲ: ಸಂಗೀತ ಪರೀಕ್ಷೆಯ ಥಿಯರಿಯನ್ನು ಸ್ವಂತವಾಗಿ ಓದುವ ಬಗೆ

ಸಂಗೀತ ಕಲಿಯುವವರಲ್ಲಿ ಹೆಚ್ಚಿನವರು ಶಾಸ್ತ್ರದ ಪುಸ್ತಕ ತೆರೆಯುವುದು ಪರೀಕ್ಷೆಗೆ ಕಟ್ಟಿದ ಮೇಲೆಯೇ. ಪಾಠದ ಹೊತ್ತೆಲ್ಲ ವರ್ಣದ ಎರಡನೇ ಕಾಲ ತಿದ್ದುವುದಕ್ಕೇ ಸಾಲದು, ಇನ್ನು ತಾಳದ ದಶಪ್ರಾಣ (ತಾಳದ ಹತ್ತು ಮುಖ್ಯ ಅಂಶಗಳು) ಹೇಳಿಕೊಡುವುದು ಯಾವಾಗ? "ಥಿಯರಿ ನೀವೇ ಓದಿಕೊಳ್ಳಿ" ಎಂದು ಮೇಷ್ಟ್ರು ಹೇಳಿಬಿಡುತ್ತಾರೆ. ಆಗ ಕೈಗೆ ಬರುವುದು ಒಂದು ಗೈಡು, ಹಿರಿಯ ವಿದ್ಯಾರ್ಥಿಯೊಬ್ಬರ ನೋಟ್ಸಿನ ಜೆರಾಕ್ಸ್ ಪ್ರತಿ. ಅವನ್ನು ಮೊದಲ ಪುಟದಿಂದ ಉರು ಹೊಡೆಯಲು ಕೂತರೆ ಮೂರನೇ ವಾರಕ್ಕೆ ಎಲ್ಲ ಕಲಸಿಹೋಗುತ್ತದೆ.

ಈ ಬರಹ ಕರ್ನಾಟಕ ಸಂಗೀತದ ಜೂನಿಯರ್, ಸೀನಿಯರ್ ಮಟ್ಟದ ಶಾಸ್ತ್ರ ಪತ್ರಿಕೆಗೆ ಒಬ್ಬರೇ ಕೂತು ಓದುವವರಿಗಾಗಿ. ವಿದ್ವತ್‌ಗೆ ಕಟ್ಟುವವರಿಗೂ ಇದೇ ತಳಪಾಯ. ನಾನು ಹೇಳಬೇಕೆಂದಿರುವುದು ಇಷ್ಟು: ಶಾಸ್ತ್ರದ ಮುಕ್ಕಾಲು ಪಾಲು ನಿಮ್ಮ ಗಂಟಲು, ಕೈಬೆರಳುಗಳಲ್ಲಿ ಆಗಲೇ ಇದೆ. ಓದುವುದೆಂದರೆ ಅದನ್ನು ಹೊರಗೆಳೆದು ಕಾಗದದ ಮೇಲೆ ಇಡುವ ಅಭ್ಯಾಸ.

ಮೊದಲ ಕೆಲಸ: ಪಠ್ಯಕ್ರಮವನ್ನು ಮೂರು ಪಾಲು ಮಾಡಿ

ನೀವು ಕಟ್ಟುವ ಪರೀಕ್ಷೆಯ ಈ ವರ್ಷದ ಪಠ್ಯಕ್ರಮವನ್ನೇ ತರಿಸಿಕೊಳ್ಳಿ. ಗೈಡಿನ ಪರಿವಿಡಿಯನ್ನು ಪಠ್ಯಕ್ರಮ ಎಂದುಕೊಳ್ಳಬೇಡಿ. ಜೊತೆಗೆ ಹಳೆಯ ಪ್ರಶ್ನೆಪತ್ರಿಕೆಗಳು ಎಷ್ಟು ಸಿಗುತ್ತವೋ ಅಷ್ಟು ಇರಲಿ. ಪಠ್ಯಕ್ರಮದ ಒಂದೊಂದು ಸಾಲಿನ ಪಕ್ಕದಲ್ಲೂ 'ಲೆಕ್ಕ', 'ಕಿವಿ', 'ಬಾಯಿಪಾಠ' ಇವುಗಳಲ್ಲಿ ಒಂದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ.

ಮೇಳಕರ್ತ ಪದ್ಧತಿ (ಏಳೂ ಸ್ವರವಿರುವ 72 ತಾಯಿರಾಗಗಳ ವ್ಯವಸ್ಥೆ), 35 ತಾಳಗಳು, ಕಟಪಯಾದಿ ಇವೆಲ್ಲ ಲೆಕ್ಕ. ಸೂತ್ರ ಗೊತ್ತಿದ್ದರೆ ಪರೀಕ್ಷೆಯ ಕೊಠಡಿಯಲ್ಲೇ ಕಟ್ಟಿಕೊಳ್ಳಬಹುದು. ರಾಗಲಕ್ಷಣ, ಗಮಕ (ಸ್ವರವನ್ನು ಆಡಿಸುವ ಬಗೆ), ಸ್ವರಲಿಪಿ ಇವು ಕಿವಿಯವು. ಹಾಡಿಕೊಳ್ಳದೆ ಬರೆದರೆ ತಪ್ಪುತ್ತವೆ. ವಾಗ್ಗೇಯಕಾರರ ಇಸವಿಗಳು, ಗ್ರಂಥಗಳ ಹೆಸರು, ವಾದ್ಯದ ಭಾಗಗಳು ಬಾಯಿಪಾಠದವು, ಅಲ್ಲಿ ಬೇರೆ ದಾರಿಯಿಲ್ಲ. ಹೀಗೆ ಗುರುತು ಹಾಕಿ ನೋಡಿದರೆ ಮೂರನೆಯ ಪಾಲು ಅಂದುಕೊಂಡದ್ದಕ್ಕಿಂತ ಚಿಕ್ಕದು ಎಂದು ಗೊತ್ತಾಗುತ್ತದೆ. ನೆನಪಿನ ಶಕ್ತಿಯನ್ನು ಅದಕ್ಕೆ ಮೀಸಲಿಟ್ಟು, ಉಳಿದದ್ದನ್ನು ಅರ್ಥ ಮಾಡಿಕೊಂಡೇ ಮುಗಿಸಬೇಕು.

ಹನ್ನೆರಡು ಸ್ಥಾನ, ಹದಿನಾರು ಹೆಸರು

ಎಲ್ಲಕ್ಕೂ ಮೊದಲು ಇದು. ಇಲ್ಲಿ ಒಂದು ವಾರ ಹೆಚ್ಚೇ ಹೋದರೂ ಚಿಂತೆಯಿಲ್ಲ, ಮುಂದಿನ ಅರ್ಧ ಶಾಸ್ತ್ರ ಇದರ ಮೇಲೆಯೇ ನಿಂತಿದೆ.

ಒಂದು ಸ್ಥಾಯಿಯಲ್ಲಿ ಸ್ವರಸ್ಥಾನಗಳು 12. ಷಡ್ಜ, ಪಂಚಮಗಳಿಗೆ ತಲಾ ಒಂದೇ ಸ್ಥಾನ, ಅವು ಅಚಲ ಸ್ವರಗಳು. ಮಧ್ಯಮಕ್ಕೆ ಎರಡು: ಶುದ್ಧ, ಪ್ರತಿ. ರಿಷಭ, ಗಾಂಧಾರ, ಧೈವತ, ನಿಷಾದಗಳಿಗೆ ಮೂರು ಮೂರು ಹೆಸರು. ಕೂಡಿದರೆ 16 ಹೆಸರಾಗುತ್ತದೆ, ಸ್ಥಾನ ಮಾತ್ರ 12. ಅಂದರೆ ನಾಲ್ಕು ಸ್ಥಾನಗಳಿಗೆ ಎರಡೆರಡು ಹೆಸರು. ಚತುಶ್ರುತಿ ರಿಷಭದ ಮನೆಯಲ್ಲೇ ಶುದ್ಧ ಗಾಂಧಾರ, ಷಟ್‌ಶ್ರುತಿ ರಿಷಭದ ಮನೆಯಲ್ಲೇ ಸಾಧಾರಣ ಗಾಂಧಾರ. ಮೇಲೆ ಚತುಶ್ರುತಿ ಧೈವತದ ಜೊತೆ ಶುದ್ಧ ನಿಷಾದ, ಷಟ್‌ಶ್ರುತಿ ಧೈವತದ ಜೊತೆ ಕೈಶಿಕಿ ನಿಷಾದ. ಅಂತರ ಗಾಂಧಾರ, ಕಾಕಲಿ ನಿಷಾದಗಳಿಗೆ ಪಾಲುದಾರರಿಲ್ಲ.

ಕಾಗದದ ಮೇಲೆ 12 ಚೌಕ ಬರೆದು ಇವನ್ನು ತುಂಬಿ. ಮರುದಿನ ನೋಡದೆ ತುಂಬಿ. ಆಮೇಲೆ ಕೀಬೋರ್ಡ್ ಅಥವಾ ಹಾರ್ಮೋನಿಯಂ ಸಿಕ್ಕರೆ ಒಂದು ಮನೆಯನ್ನು ಷಡ್ಜವೆಂದಿಟ್ಟುಕೊಂಡು, ಹೆಸರು ಹೇಳುತ್ತಾ ಒಂದೊಂದೇ ಮನೆ ಒತ್ತಿ. ಕೀಬೋರ್ಡಿನಲ್ಲಿ ಗಮಕ ಬರುವುದಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಸ್ಥಾನ ಕಲಿಯುವಾಗ ಗಮಕ ಬೇಕಾಗಿಯೂ ಇಲ್ಲ. ಬರೆಯುವಾಗ ಅನುಕೂಲಕ್ಕೆ ರಿ1, ರಿ2, ರಿ3 ಎಂದು ಅಂಕೆ ಹಾಕಿಕೊಳ್ಳಿ, ಆದರೆ ಉತ್ತರಪತ್ರಿಕೆಯಲ್ಲಿ ಒಮ್ಮೆಯಾದರೂ ಪೂರ್ತಿ ಹೆಸರು ಬರೆಯಿರಿ.

72 ಮೇಳ: ಪಟ್ಟಿ ಬೇಡ, ಲೆಕ್ಕ ಸಾಕು

72 ಹೆಸರು, ಅವುಗಳ ಸ್ವರಗಳನ್ನು ಉರು ಹೊಡೆದವರನ್ನು ನೋಡಿದ್ದೇನೆ. ಮೆಚ್ಚತಕ್ಕದ್ದೇ, ಆದರೆ ಅಗತ್ಯವಿಲ್ಲ.

ರಿಷಭ-ಗಾಂಧಾರ ಜೋಡಿಗಳನ್ನು ನೋಡಿ. ಗಾಂಧಾರ ಯಾವಾಗಲೂ ರಿಷಭಕ್ಕಿಂತ ಎತ್ತರದ ಸ್ಥಾನದಲ್ಲಿರಬೇಕು. ಹಾಗಾಗಿ ಸಾಧ್ಯವಿರುವುದು ಆರೇ ಜೋಡಿ: ರಿ1ಗ1, ರಿ1ಗ2, ರಿ1ಗ3, ರಿ2ಗ2, ರಿ2ಗ3, ರಿ3ಗ3. ಅಂಕೆಗಳನ್ನಷ್ಟೇ ಓದಿ: 11, 12, 13, 22, 23, 33. ಧೈವತ-ನಿಷಾದಕ್ಕೂ ಇದೇ ಆರು. ಆರು ಆರಲಿ 36. ಮಧ್ಯಮ ಎರಡು ಬಗೆ, ಹಾಗಾಗಿ 72. ಮೊದಲ 36 ಶುದ್ಧ ಮಧ್ಯಮದವು, 37ರಿಂದ 72 ಪ್ರತಿ ಮಧ್ಯಮದವು. ಆರಾರು ಮೇಳಗಳಿಗೆ ಒಂದು ಚಕ್ರ. ಚಕ್ರ ಬದಲಾದಾಗ ರಿ-ಗ ಜೋಡಿ ಬದಲಾಗುತ್ತದೆ, ಚಕ್ರದೊಳಗೆ ದ-ನಿ ಜೋಡಿ ಬದಲಾಗುತ್ತದೆ.

ಚಕ್ರಗಳ ಹೆಸರೇ ಸಂಖ್ಯೆ ಹೇಳುತ್ತವೆ: ಇಂದು (ಚಂದ್ರ ಒಬ್ಬನೇ), ನೇತ್ರ 2, ಅಗ್ನಿ 3, ವೇದ 4, ಬಾಣ 5, ಋತು 6, ಋಷಿ 7, ವಸು 8, ಬ್ರಹ್ಮ 9, ದಿಶಿ 10, ರುದ್ರ 11, ಆದಿತ್ಯ 12.

ಇನ್ನು ರಾಗದ ಹೆಸರಿನಿಂದ ಸಂಖ್ಯೆ ತೆಗೆಯುವ ಕಟಪಯಾದಿ. ಕ-ದಿಂದ ಒಂಬತ್ತು ಅಕ್ಷರಕ್ಕೆ 1ರಿಂದ 9 (ಕ ಖ ಗ ಘ ಙ ಚ ಛ ಜ ಝ), ಟ-ದಿಂದ ಒಂಬತ್ತಕ್ಕೆ ಮತ್ತೆ 1ರಿಂದ 9 (ಟ ಠ ಡ ಢ ಣ ತ ಥ ದ ಧ), ಪ-ದಿಂದ ಐದಕ್ಕೆ 1ರಿಂದ 5, ಯ-ದಿಂದ ಎಂಟಕ್ಕೆ 1ರಿಂದ 8 (ಯ ರ ಲ ವ ಶ ಷ ಸ ಹ). ಞ, ನ ಎರಡಕ್ಕೂ ಸೊನ್ನೆ. ಹೆಸರಿನ ಮೊದಲೆರಡು ಅಕ್ಷರಗಳ ಅಂಕೆ ಬರೆದು ತಿರುಗಿಸಿದರೆ ಮೇಳದ ಸಂಖ್ಯೆ.

ಒಂದನ್ನು ಪೂರ್ತಿ ಮಾಡಿ ನೋಡೋಣ, ಕಾಮವರ್ಧಿನಿ. ಕಾ ಅಂದರೆ 1, ಮ ಅಂದರೆ 5. 15ನ್ನು ತಿರುಗಿಸಿದರೆ 51. ಇದು 36ಕ್ಕಿಂತ ಹೆಚ್ಚು, ಆದ್ದರಿಂದ ಪ್ರತಿ ಮಧ್ಯಮ. 36 ಕಳೆದರೆ ಉಳಿಯುವುದು 15. ಅದನ್ನು 6ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 3. ಎರಡು ಚಕ್ರ ತುಂಬಿ ಮೂರನೆಯದರಲ್ಲಿದ್ದೇವೆ, ಹಾಗಾಗಿ ರಿ-ಗ ಜೋಡಿ ಮೂರನೆಯದು: ರಿ1ಗ3. ಶೇಷ 3, ಹಾಗಾಗಿ ದ-ನಿ ಜೋಡಿಯೂ ಮೂರನೆಯದು: ದ1ನಿ3. ಒಟ್ಟು ಲೆಕ್ಕದಲ್ಲಿ ಒಂಬತ್ತನೆಯ ಚಕ್ರ, ಬ್ರಹ್ಮ. ಉತ್ತರ: ಸ ರಿ1 ಗ3 ಮ2 ಪ ದ1 ನಿ3 ಸ. 51ರಿಂದ 36 ಕಳೆದಾಗ ಸಿಕ್ಕ 15 ಯಾವ ಮೇಳ? ನೀವು ಸರಳೆ ವರಸೆ ಕಲಿತ ಮಾಯಾಮಾಳವಗೌಳ. ಅದರ ಮಧ್ಯಮವೊಂದನ್ನು ಏರಿಸಿದರೆ ಕಾಮವರ್ಧಿನಿ.

ಶೇಷ ಸೊನ್ನೆ ಬಂದರೆ ಗಾಬರಿಯಾಗುವವರು ಬಹಳ. 36ನೇ ಮೇಳ ಚಲನಾಟದಲ್ಲಿ ಹಾಗೆ ಬರುತ್ತದೆ. ಶೇಷ ಸೊನ್ನೆಯೆಂದರೆ ಆ ಚಕ್ರ ತುಂಬಿತು, ಅದು ಆ ಚಕ್ರದ ಆರನೆಯ ಮೇಳ. 36 ಭಾಗಿಸು 6, ಆರನೇ ಚಕ್ರ, ಆರನೇ ಮೇಳ: ರಿ3ಗ3, ದ3ನಿ3.

ಒತ್ತಕ್ಷರ ಬಂದಾಗ ಕಟಪಯಾದಿ ಸ್ವಲ್ಪ ತೊಡರುತ್ತದೆ. ರತ್ನಾಂಗಿಯಲ್ಲಿ 'ತ್ನ'ದ ಕೊನೆಯ ವ್ಯಂಜನ ನ-ವನ್ನು ಹಿಡಿಯಬೇಕು, ಆಗ 20, ತಿರುಗಿಸಿ 02. ಚಕ್ರವಾಕದಲ್ಲಿ 'ಕ್ರ'ದ ಮೊದಲ ವ್ಯಂಜನ ಕ-ವನ್ನು ಹಿಡಿದರೆ ಮಾತ್ರ 61, ತಿರುಗಿಸಿ 16. ದಿವ್ಯಮಣಿ (48), ವಿಶ್ವಂಭರಿ (54), ಚಿತ್ರಾಂಬರಿ (66) ಇವೂ ಚಕ್ರವಾಕದ ಗುಂಪಿಗೆ ಸೇರಿದವು. ಸಿಂಹೇಂದ್ರಮಧ್ಯಮದಲ್ಲಿ ಅನುಸ್ವಾರವನ್ನು 'ಮ್' ಎಂದು ಓದಬೇಕು: ಸ 7, ಮ 5, ತಿರುಗಿಸಿ 57. ಇಂಥ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಪ್ರಶ್ನೆಪತ್ರಿಕೆ ತೆಗೆಯುವವರ ಕಣ್ಣು ಬೀಳುವುದು ಇವುಗಳ ಮೇಲೇ.

ಇದೇ ಹಾದಿಯಲ್ಲಿ ಇನ್ನೂ ಎರಡು ಲೆಕ್ಕ ಸಿಗುತ್ತದೆ. ರಿ1ಗ1, ರಿ3ಗ3, ದ1ನಿ1, ದ3ನಿ3 ಇವುಗಳಲ್ಲಿ ಯಾವುದಾದರೊಂದು ಜೋಡಿ ಇರುವ ಮೇಳ ವಿವಾದಿ. ಇವಿಲ್ಲದವು 4×4×2, ಅಂದರೆ 32. ಉಳಿದ 40 ವಿವಾದಿ ಮೇಳಗಳು. ಇನ್ನೊಂದು, ಒಂದು ಮೇಳದಿಂದ ಸ್ವರ ಬಿಟ್ಟು ಎಷ್ಟು ವರ್ಜ ರಾಗ ಹುಟ್ಟಬಹುದು? ಷಡ್ಜ ಬಿಡುವಂತಿಲ್ಲ. ಉಳಿದ ಆರರಲ್ಲಿ ಒಂದನ್ನು ಬಿಡಲು 6 ದಾರಿ (ಷಾಡವ), ಎರಡನ್ನು ಬಿಡಲು 15 ದಾರಿ (ಔಡವ), ಏನೂ ಬಿಡದೆ 1 (ಸಂಪೂರ್ಣ). ಒಟ್ಟು 22. ಆರೋಹಣಕ್ಕೆ 22, ಅವರೋಹಣಕ್ಕೆ 22, ಗುಣಿಸಿದರೆ 484. ಸಂಪೂರ್ಣ-ಸಂಪೂರ್ಣ ಮೇಳವೇ ಆದ್ದರಿಂದ ಅದನ್ನು ಬಿಟ್ಟು 483. 72 ಮೇಳಕ್ಕೆ 34,776. ಗೈಡಿನಲ್ಲಿ ಈ ಸಂಖ್ಯೆ ಮಾತ್ರ ಇರುತ್ತದೆ. ಹೇಗೆ ಬಂತೆಂದು ಬರೆದವರ ಉತ್ತರ ಬೇರೆಯೇ ಆಗಿ ಕಾಣುತ್ತದೆ.

ಈ ವ್ಯವಸ್ಥೆಯ ಚರಿತ್ರೆಗೆ ಎರಡು ವಾಕ್ಯ ಸೇರಿಸಿ. ವಿಜಯನಗರದ ಕಾಲದ ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿಯಲ್ಲಿ ಹೇಳಿದ್ದು 20 ಮೇಳ. 17ನೇ ಶತಮಾನದಲ್ಲಿ ವೆಂಕಟಮಖಿ ಚತುರ್ದಂಡೀಪ್ರಕಾಶಿಕೆಯಲ್ಲಿ 72ರ ಚೌಕಟ್ಟು ಹಾಕಿದಾಗ ಬಳಕೆಯಲ್ಲಿದ್ದದ್ದು ಅವುಗಳಲ್ಲಿ 19 ಮಾತ್ರ.

ಲೆಕ್ಕವನ್ನು ಕಿವಿಗೆ ಒಪ್ಪಿಸುವುದು

ಕಾಗದದ ಮೇಲೆ ಸರಿ ಬಂದದ್ದು ಕಿವಿಗೆ ಬಾರದಿದ್ದರೆ ಅರ್ಧ ಓದು. ತಂಬೂರಿ ಹಾಕಿಕೊಂಡು ಆರು ಮೇಳಗಳನ್ನು ಗಮಕವಿಲ್ಲದೆ, ಬರಿಯ ಸ್ವರವಾಗಿ ಈ ಕ್ರಮದಲ್ಲಿ ಹಾಡಿ: ಹನುಮತೋಡಿ (8), ನಟಭೈರವಿ (20), ಖರಹರಪ್ರಿಯ (22), ಹರಿಕಾಂಭೋಜಿ (28), ಧೀರಶಂಕರಾಭರಣ (29), ಮೇಚಕಲ್ಯಾಣಿ (65).

ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬದಲಾಗುವುದು ಒಂದೇ ಸ್ವರ. ತೋಡಿಯ ರಿಷಭ ಏರಿದರೆ ನಟಭೈರವಿ, ಅದರ ಧೈವತ ಏರಿದರೆ ಖರಹರಪ್ರಿಯ, ಗಾಂಧಾರ ಏರಿದರೆ ಹರಿಕಾಂಭೋಜಿ, ನಿಷಾದ ಏರಿದರೆ ಶಂಕರಾಭರಣ, ಕೊನೆಗೆ ಮಧ್ಯಮ ಏರಿದರೆ ಕಲ್ಯಾಣಿ. ದಿನಾ ಹತ್ತು ನಿಮಿಷ ಹೀಗೆ ಮೇಲೇರಿ ಕೆಳಗಿಳಿಯಿರಿ. ಸಾಧಾರಣ ಮತ್ತು ಅಂತರ ಗಾಂಧಾರಗಳ ವ್ಯತ್ಯಾಸವನ್ನು ನೂರು ಸಲ ಓದಿದರೂ ಹತ್ತದ್ದು 22ರಿಂದ 28ಕ್ಕೆ ದಾಟುವಾಗ ಹತ್ತುತ್ತದೆ. ನಿಮ್ಮ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೀಬೋರ್ಡ್ ಜೊತೆ ಹೋಲಿಸಿ. ತಿದ್ದುವವರು ಪಕ್ಕದಲ್ಲಿ ಇಲ್ಲದಾಗ ಇದೇ ತೀರ್ಪು.

ಮೇಲಿನ ದರ್ಜೆಗೆ ಓದುವವರಿಗೆ ಇಲ್ಲೊಂದು ಬೋನಸ್ಸು: ಈ ಆರೂ ಗ್ರಹಭೇದದಿಂದ ಒಂದಕ್ಕೊಂದು ಹುಟ್ಟುತ್ತವೆ. ಶಂಕರಾಭರಣದ ರಿಷಭವನ್ನು ಷಡ್ಜವೆಂದಿಟ್ಟರೆ ಖರಹರಪ್ರಿಯ, ಗಾಂಧಾರವನ್ನಿಟ್ಟರೆ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಟಭೈರವಿ. ನಿಷಾದದಿಂದ ಹೊರಟರೆ ಪಂಚಮ ಸಿಗುವುದಿಲ್ಲ, ಎರಡೂ ಮಧ್ಯಮ ಬರುತ್ತವೆ, ಹಾಗಾಗಿ ಮೇಳ ಆಗುವುದಿಲ್ಲ. ಇದನ್ನು 12 ಚೌಕದ ಚಿತ್ರದ ಮೇಲೆ ನೀವೇ ಎಣಿಸಿ ನೋಡಿ. ನನ್ನ ಮಾತನ್ನು ನಂಬಿಕೊಂಡು ಬರೆಯಬೇಡಿ.

35 ತಾಳ, ಆಗಲೇ ಕೈಯಲ್ಲಿರುವುದು

ಸಪ್ತ ತಾಳ ಅಲಂಕಾರ ಹಾಡಿದವರಿಗೆ ತಾಳದ ಅಂಗಗಳನ್ನು ಬೇರೆಯಾಗಿ ಕಲಿಸಬೇಕಿಲ್ಲ. ಧ್ರುವ ತಾಳದ ಅಲಂಕಾರ ನೆನೆಸಿಕೊಳ್ಳಿ: ಸರಿಗಮ | ಗರಿ | ಸರಿಗರಿ | ಸರಿಗಮ ||. ನಾಲ್ಕು, ಎರಡು, ನಾಲ್ಕು, ನಾಲ್ಕು. ಅಂದರೆ ಲಘು, ದ್ರುತ, ಲಘು, ಲಘು. ಅಕ್ಷರ 14. ಝಂಪೆ: ಸರಿಗಸರಿಸರಿ | ಗ | ಮ , ||. ಏಳರ ಲಘು, ಒಂದರ ಅನುದ್ರುತ, ಎರಡರ ದ್ರುತ, ಒಟ್ಟು 10. ತ್ರಿಪುಟ: ಸರಿಗ | ಸರಿ | ಗಮ ||. ಮೂರು, ಎರಡು, ಎರಡು. ಏಳು ಅಲಂಕಾರ ಹಾಡಿ, ಗೆರೆ ಎಲ್ಲಿ ಬೀಳುತ್ತದೆಂದು ಬರೆದುಕೊಂಡರೆ ಸಪ್ತ ತಾಳಗಳ ಅಂಗ ಸಿಕ್ಕಿತು.

ಜಾತಿ ಬದಲಾದಾಗ ಬದಲಾಗುವುದು ಲಘು ಮಾತ್ರ. ದ್ರುತ ಯಾವಾಗಲೂ ಒಂದು ಪೆಟ್ಟು ಒಂದು ಹುಸಿ, ಎರಡೇ ಅಕ್ಷರ. ಅನುದ್ರುತ ಒಂದೇ ಪೆಟ್ಟು. ಲಘು ತಿಶ್ರ ಜಾತಿಯಲ್ಲಿ 3, ಚತುರಶ್ರದಲ್ಲಿ 4, ಖಂಡದಲ್ಲಿ 5, ಮಿಶ್ರದಲ್ಲಿ 7, ಸಂಕೀರ್ಣದಲ್ಲಿ 9. ಲಘುವಿನ ಬೆಲೆಯನ್ನು 'ಲ' ಎಂದಿಟ್ಟುಕೊಂಡರೆ ಇಡೀ ಕೋಷ್ಟಕ ಏಳು ಸಾಲಿಗೆ ಇಳಿಯುತ್ತದೆ:

ಧ್ರುವ: 3ಲ + 2
ಮಠ್ಯ: 2ಲ + 2
ರೂಪಕ: ಲ + 2
ಝಂಪೆ: ಲ + 3
ತ್ರಿಪುಟ: ಲ + 4
ಅಟ್ಟ: 2ಲ + 4
ಏಕ: ಲ

ಸಂಕೀರ್ಣ ಜಾತಿ ಧ್ರುವ ಎಷ್ಟು ಎಂದರೆ 27 + 2, ಒಟ್ಟು 29. 35ರಲ್ಲಿ ಇದೇ ಉದ್ದನೆಯದು. ತಿಶ್ರ ಏಕ, ಮೂರೇ ಅಕ್ಷರ, ಎಲ್ಲಕ್ಕಿಂತ ಗಿಡ್ಡ. ಚತುರಶ್ರ ತ್ರಿಪುಟ 8, ಅದೇ ಆದಿತಾಳ. ಜಾತಿ ಹೇಳದೆ ಬರಿಯ ತಾಳದ ಹೆಸರು ಕೊಟ್ಟಿದ್ದರೆ ಅಲಂಕಾರದಲ್ಲಿ ಕಲಿತ ಜಾತಿಯನ್ನೇ ಹಿಡಿಯಿರಿ: ಝಂಪೆಗೆ ಮಿಶ್ರ, ತ್ರಿಪುಟಕ್ಕೆ ತಿಶ್ರ, ಅಟ್ಟಕ್ಕೆ ಖಂಡ, ಉಳಿದ ನಾಲ್ಕಕ್ಕೆ ಚತುರಶ್ರ. 35ನ್ನು ಐದು ಗತಿಗಳಿಂದ ಗುಣಿಸಿದರೆ 175.

ಜಾತಿ, ಗತಿ ಎರಡರ ಹೆಸರುಗಳೂ ಒಂದೇ ಆದ್ದರಿಂದ ಗೊಂದಲ ಸಹಜ. ಜಾತಿ ಲಘುವಿನಲ್ಲಿ ಎಷ್ಟು ಅಕ್ಷರ ಎನ್ನುತ್ತದೆ. ಗತಿ ಒಂದೊಂದು ಅಕ್ಷರದೊಳಗೆ ಎಷ್ಟು ಮಾತ್ರೆ ಎನ್ನುತ್ತದೆ. ಆದಿತಾಳವನ್ನು ಕೈಯಲ್ಲಿ ಹಾಕುತ್ತಾ ಒಂದು ಆವರ್ತ (ತಾಳದ ಒಂದು ಸುತ್ತು) 'ತಕಧಿಮಿ' ಹೇಳಿ, ಮುಂದಿನದಕ್ಕೆ 'ತಕಿಟ' ಹೇಳಿ. ಕೈ ಬದಲಾಗಲಿಲ್ಲ, ಬಾಯಿ ಬದಲಾಯಿತು. ಅದು ಗತಿ.

ರಾಗಲಕ್ಷಣ ಬರೆಯುವುದು

ಅಂಕ ಹೆಚ್ಚು ಸೋರುವುದು ಇಲ್ಲೇ. ಆರೋಹಣ ಅವರೋಹಣ ಬರೆದು, "ಇದು ಭಕ್ತಿರಸ ಪ್ರಧಾನವಾದ ರಾಗ, ಎಲ್ಲ ಕಾಲದಲ್ಲೂ ಹಾಡಬಹುದು" ಎಂದು ಮುಗಿಸುತ್ತಾರೆ. ಈ ವಾಕ್ಯವನ್ನು ಯಾವ ರಾಗಕ್ಕೆ ಬೇಕಾದರೂ ಅಂಟಿಸಬಹುದು, ಅಂದಮೇಲೆ ಅದಕ್ಕೆ ಅಂಕ ಏಕೆ ಕೊಡಬೇಕು?

ಪಕ್ಕದ ರಾಗದ ಜೊತೆ ಇಟ್ಟು ಓದಿ. ಮೋಹನ ಮತ್ತು ಬಿಲಹರಿ ತೆಗೆದುಕೊಳ್ಳಿ. ಎರಡರ ಆರೋಹಣವೂ ಒಂದೇ: ಸ ರಿ2 ಗ3 ಪ ದ2 ಸ. ಮೋಹನ ಹತ್ತಿದ ಮೆಟ್ಟಿಲಲ್ಲೇ ಇಳಿಯುತ್ತದೆ, ಔಡವ-ಔಡವ, 28ನೇ ಮೇಳ ಹರಿಕಾಂಭೋಜಿಯ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಬಿಲಹರಿ ಇಳಿಯುವಾಗ ಏಳೂ ಸ್ವರ ಮುಟ್ಟುತ್ತದೆ: ಸ ನಿ3 ದ2 ಪ ಮ1 ಗ3 ರಿ2 ಸ. ಹಾಗಾಗಿ ಔಡವ-ಸಂಪೂರ್ಣ, 29ನೇ ಮೇಳ ಶಂಕರಾಭರಣದ ಜನ್ಯ. ಆರೋಹಣದಲ್ಲಿ ಮಧ್ಯಮ, ನಿಷಾದ ವರ್ಜ. ಕೆಲವು ಪ್ರಯೋಗಗಳಲ್ಲಿ ಮೇಳಕ್ಕೆ ಸೇರದ ಕೈಶಿಕಿ ನಿಷಾದ ಬರುತ್ತದೆ, ಆದ್ದರಿಂದ ಭಾಷಾಂಗ. ಬೆಳಗಿನ ರಾಗ.

ಇಷ್ಟಾದ ಮೇಲೆ ಸಂಚಾರ ಬರೆಯಬೇಕು. ಗೈಡಿನ ಸಂಚಾರ ಕಂಠಪಾಠ ಮಾಡುವ ಬದಲು ನಿಮಗೆ ಬರುವ ರಚನೆಯಿಂದ ತೆಗೆಯಿರಿ. ಬಿಲಹರಿಯ ಸ್ವರಜತಿ ಕಲಿತವರು ಬಹಳ ಮಂದಿ. ಅದನ್ನು ನಿಧಾನವಾಗಿ ಹಾಡುತ್ತಾ, ಯಾವ ಸ್ವರದ ಮೇಲೆ ನಿಲ್ಲುತ್ತದೆ, ಯಾವ ಗುಂಪು ಮತ್ತೆ ಮತ್ತೆ ಬರುತ್ತದೆ, ಯಾವುದರಿಂದ ಶುರುವಾಗುತ್ತದೆ ಎಂದು ಗುರುತು ಹಾಕಿ. ನಿಂತದ್ದು ನ್ಯಾಸ, ಶುರುವಾದದ್ದು ಗ್ರಹ, ಮತ್ತೆ ಮತ್ತೆ ಬಂದದ್ದು ಸಂಚಾರಕ್ಕೆ. ಪರೀಕ್ಷೆಗಿರುವ ಪ್ರತಿ ರಾಗಕ್ಕೂ ಹೀಗೆ ಅರ್ಧ ಪುಟ.

ಹೀಗೆ ಜೋಡಿಯಾಗಿ ಓದಬಹುದಾದ ಇನ್ನೊಂದು: ಆಭೋಗಿ ಮತ್ತು ಶ್ರೀರಂಜನಿ, ಎರಡೂ 22ರ ಜನ್ಯ; ಎರಡನೆಯದರಲ್ಲಿ ಕೈಶಿಕಿ ನಿಷಾದ ಸೇರುತ್ತದೆ. ಭಾಷಾಂಗಕ್ಕೆ ಉದಾಹರಣೆ ಕೇಳಿದರೆ ಭೈರವಿ, ಕಾಂಭೋಜಿ ಸದಾ ತಯಾರಿರಲಿ, ಜೊತೆಗೆ ಅನ್ಯಸ್ವರದ ಹೆಸರೂ ಬೇಕು: ಭೈರವಿಯಲ್ಲಿ ಚತುಶ್ರುತಿ ಧೈವತ, ಕಾಂಭೋಜಿಯಲ್ಲಿ ಕಾಕಲಿ ನಿಷಾದ.

ಸ್ವರಲಿಪಿ

'ನಿಮಗೆ ಗೊತ್ತಿರುವ ಒಂದು ವರ್ಣದ ಪಲ್ಲವಿ, ಅನುಪಲ್ಲವಿಗಳನ್ನು ಸ್ವರಲಿಪಿಯಲ್ಲಿ ಬರೆಯಿರಿ' ಎನ್ನುವ ಪ್ರಶ್ನೆ ಸುಲಭ ಎನಿಸುತ್ತದೆ. ಹಾಡಲು ಬರುವುದನ್ನೇ ಬರೆಯಬೇಕಲ್ಲ! ಬರೆದು ಎಣಿಸಿದಾಗ ಆವರ್ತ ಒಂದು ಅಕ್ಷರ ಕಡಿಮೆ, ಇನ್ನೊಂದು ಎರಡು ಹೆಚ್ಚು.

ಚಿಹ್ನೆಗಳು ಕೆಲವೇ. ಸ್ವರದ ಮೇಲೆ ಚುಕ್ಕಿ ಇದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರ. ಅಲ್ಪವಿರಾಮ ಒಂದು ಮಾತ್ರೆ ಎಳೆತ, ಅರ್ಧವಿರಾಮ ಎರಡು. ಅಂಗ ಮುಗಿದಲ್ಲಿ ಒಂಟಿ ಗೆರೆ, ಆವರ್ತ ಮುಗಿದಲ್ಲಿ ಜೋಡಿ ಗೆರೆ. ಎರಡನೇ ಕಾಲಕ್ಕೆ ಸ್ವರಗಳ ಮೇಲೆ ಒಂದು ಅಡ್ಡಗೆರೆ, ಮೂರನೆಯದಕ್ಕೆ ಎರಡು. ಆದಿತಾಳದ ಒಂದು ಆವರ್ತದಲ್ಲಿ ಮೊದಲ ಕಾಲಕ್ಕೆ 8, ಎರಡನೆಯದಕ್ಕೆ 16, ಮೂರನೆಯದಕ್ಕೆ 32 ಮಾತ್ರೆ. ಎಳೆತಗಳನ್ನೂ ಸೇರಿಸಿ ಎಣಿಸಬೇಕು.

ಅಭ್ಯಾಸಕ್ಕೆ ಚೌಕಳಿ ಹಾಳೆಯ ನೋಟ್‌ಬುಕ್ ಒಳ್ಳೆಯದು. ಒಂದು ಚೌಕಕ್ಕೆ ಒಂದು ಮಾತ್ರೆ, ಮೊದಲೇ ಗೆರೆ ಹಾಕಿಟ್ಟುಕೊಂಡು ಹಾಡುತ್ತಾ ತುಂಬಿ. ಖಾಲಿ ಉಳಿದ ಚೌಕವೇ ನೀವು ಬಿಟ್ಟ ಎಳೆತ. ಗೀತೆಯಿಂದ ಶುರು ಮಾಡಿ, ಅಲ್ಲಿ ಎಳೆತ ಕಡಿಮೆ. ಸಾಹಿತ್ಯವನ್ನು ಸ್ವರದ ಕೆಳಗೆ ನೇರವಾಗಿ ಬರುವಂತೆ ಬರೆಯಿರಿ. ಅಕ್ಷರ ಎಳೆದಷ್ಟೂ ಜಾಗ ಬಿಡಬೇಕು. ಪುಸ್ತಕದ ಸ್ವರಲಿಪಿ ನೀವು ಕಲಿತ ಪಾಠಾಂತರಕ್ಕೆ ಪೂರ್ತಿ ಹೊಂದದೇ ಇರಬಹುದು. ಪರವಾಗಿಲ್ಲ, ನಿಮಗೆ ಬಂದ ಪಾಠವನ್ನೇ ಬರೆಯಿರಿ. ತಾಳದ ಲೆಕ್ಕ ಮಾತ್ರ ತಪ್ಪಬಾರದು.

ಬಾಯಿಪಾಠವೇ ಗತಿ ಎನ್ನುವಲ್ಲಿ

ಪುರಂದರದಾಸರು 1484–1564. ಶ್ಯಾಮಾಶಾಸ್ತ್ರಿಗಳು 1762–1827, ತ್ಯಾಗರಾಜರು 1767–1847, ಮುತ್ತುಸ್ವಾಮಿ ದೀಕ್ಷಿತರ ನಿಧನ 1835. ತ್ರಿಮೂರ್ತಿಗಳು ಸಮಕಾಲೀನರು ಎಂಬ ಒಂದು ಮಾತು ನೆನಪಿದ್ದರೆ ಇಸವಿಗಳು ಅಡ್ಡಾದಿಡ್ಡಿಯಾಗುವುದಿಲ್ಲ. ಮೈಸೂರಿನವರಲ್ಲಿ ವೀಣೆ ಶೇಷಣ್ಣ 1852–1926, ವಾಸುದೇವಾಚಾರ್ಯರು 1865–1961. ಜೀವನಚರಿತ್ರೆಯ ಪ್ರಶ್ನೆಗೆ ಹುಟ್ಟು, ಗುರು, ಅಂಕಿತ, ರಚನೆಗಳ ವಿಶೇಷ, ಶಿಷ್ಯರು ಈ ಐದಕ್ಕೆ ಐದು ಸಣ್ಣ ಪ್ಯಾರಾ. ರಚನೆಗಳ ವಿಶೇಷಕ್ಕೇ ಹೆಚ್ಚು ಜಾಗ ಕೊಡಿ. ಶ್ಯಾಮಾಶಾಸ್ತ್ರಿಗಳ ಬಗ್ಗೆ 'ಮಹಾನ್ ದೇವೀಭಕ್ತರು' ಎಂದು ಅರ್ಧ ಪುಟ ಬರೆಯುವುದಕ್ಕಿಂತ, ಭೈರವಿ, ಯದುಕುಲಕಾಂಭೋಜಿ, ತೋಡಿಗಳಲ್ಲಿ ಅವರ ಮೂರು ಸ್ವರಜತಿಗಳು ನೃತ್ಯಕ್ಕಿದ್ದ ಪ್ರಕಾರವನ್ನು ಹಾಡುವ ರಚನೆಯಾಗಿ ಎತ್ತರಿಸಿದವು ಎಂದು ಬರೆಯುವುದು ಮೇಲು. ಅಂಕಿತಗಳು ಒಂದೇ ಸಾಲಿನಲ್ಲಿ: ಪುರಂದರ ವಿಠಲ, ಗುರುಗುಹ (ದೀಕ್ಷಿತರದು), ಶ್ಯಾಮಕೃಷ್ಣ, ವಾಸುದೇವ.

ದಶಪ್ರಾಣಗಳು ಕಾಲ, ಮಾರ್ಗ, ಕ್ರಿಯಾ, ಅಂಗ, ಗ್ರಹ, ಜಾತಿ, ಕಳಾ, ಲಯ, ಯತಿ, ಪ್ರಸ್ತಾರ. ಐದೈದಾಗಿ ಎರಡು ಸಾಲು ಮಾಡಿ ತಾಳ ಹಾಕುತ್ತಾ ಹೇಳಿಕೊಂಡರೆ ಬೇಗ ಕೂರುತ್ತವೆ. ಷಡಂಗಗಳ ಬೆಲೆ: ಅನುದ್ರುತ 1, ದ್ರುತ 2, ಲಘು 4 (ಚತುರಶ್ರದ ಲೆಕ್ಕದಲ್ಲಿ), ಗುರು 8, ಪ್ಲುತ 12, ಕಾಕಪಾದ 16. ವಾದ್ಯಗಳಿಗೆ ಚಿತ್ರ ಬರೆದು ಭಾಗ ಗುರುತಿಸುವ ಅಭ್ಯಾಸ ಇರಲಿ. ವೀಣೆಗೆ 24 ಮೆಟ್ಟಿಲು, ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಸಾಧ್ಯವಿದ್ದರೆ ನಿಜವಾದ ವಾದ್ಯವನ್ನು ಒಮ್ಮೆ ಮುಟ್ಟಿ ನೋಡಿ ಬನ್ನಿ.

ದಿನಚರಿ, ಮತ್ತೆ ಪರೀಕ್ಷೆಯ ದಿನ

ಮೂರು ತಿಂಗಳು ಕೈಯಲ್ಲಿದ್ದರೆ ಮೊದಲ ತಿಂಗಳು ಸ್ವರಸ್ಥಾನ, ಮೇಳ, ತಾಳ. ಎರಡನೆಯದು ರಾಗಲಕ್ಷಣ, ಸ್ವರಲಿಪಿ, ರಚನಾಪ್ರಕಾರಗಳು. ಬಾಯಿಪಾಠದ ಭಾಗ ಮೊದಲ ದಿನದಿಂದಲೇ ದಿನಕ್ಕೆ ಹದಿನೈದು ನಿಮಿಷ ನಡೆದಿರಲಿ. ಮೂರನೇ ತಿಂಗಳು ಹಳೆಯ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯುವುದಕ್ಕೆ. ಬೆರಳಿಗೆ ಅಭ್ಯಾಸ ಬಿಟ್ಟುಹೋದವರೇ ಹೆಚ್ಚು, ಅದರಲ್ಲೂ ಶಾಲೆ ಬಿಟ್ಟು ವರ್ಷಗಳಾದ ಮೇಲೆ ಪರೀಕ್ಷೆಗೆ ಕಟ್ಟುವ ಗೃಹಿಣಿಯರು, ನಿವೃತ್ತರು. ಅವರಿಗೆ ಎಡವಟ್ಟಾಗುವುದು ಶಾಸ್ತ್ರದಿಂದಲ್ಲ, ಸಮಯ ಸಾಲದೆ.

ಮೇಷ್ಟ್ರನ್ನು ಪ್ರತಿದಿನ ಒಂದೊಂದು ಸಂಶಯ ಕೇಳಿ ಪಾಠದ ಹೊತ್ತು ತಿನ್ನಬೇಡಿ. ವಾರದ ಸಂಶಯಗಳನ್ನು ಒಂದು ಚೀಟಿಯಲ್ಲಿ ಬರೆದು ಒಟ್ಟಿಗೆ ಕೇಳಿ, ಬೇಸರವಿಲ್ಲದೆ ಹೇಳುತ್ತಾರೆ. ಜೊತೆಗೆ ಓದುವವರೊಬ್ಬರು ಸಿಕ್ಕರೆ ಉತ್ತರಪತ್ರಿಕೆ ಅದಲುಬದಲು ಮಾಡಿ ತಿದ್ದಿಕೊಳ್ಳಿ. ಇನ್ನೊಬ್ಬರ ಆವರ್ತ ಎಣಿಸುವಾಗ ಕಣ್ಣು ಚುರುಕಾಗಿರುತ್ತದೆ.

ಪ್ರತಿ ಉತ್ತರಕ್ಕೂ ಲಕ್ಷಣ (ವ್ಯಾಖ್ಯೆ), ಲಕ್ಷ್ಯ (ಉದಾಹರಣೆ) ಎರಡೂ ಇರಲಿ. ವಕ್ರರಾಗ ಎಂದರೇನು ಎಂದು ಕೇಳಿದರೆ ವ್ಯಾಖ್ಯೆ ಬರೆದು ನಿಲ್ಲಿಸದೆ, ನೀವು ಹಾಡುವ ಒಂದು ವಕ್ರರಾಗದ ಆರೋಹಣ ಬರೆದು ಸ್ವರ ಎಲ್ಲಿ ಹಿಂದೆ ತಿರುಗುತ್ತದೆಂದು ಅಡಿಗೆರೆ ಹಾಕಿ.

ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ 'ಕಚ್ಚಾ ಕೆಲಸ' ಎಂದು ಬರೆದು ಮೂರು ವಿಷಯ ಇಳಿಸಿಕೊಳ್ಳಿ: 12 ಸ್ಥಾನಗಳ ಚೌಕ, 11-12-13-22-23-33, ಏಳು ತಾಳಗಳ ಸೂತ್ರ. ಐದು ನಿಮಿಷದ ಕೆಲಸ. ಆಮೇಲೆ ಲೆಕ್ಕದ ಪ್ರಶ್ನೆಗಳನ್ನು ಮೊದಲು ಮುಗಿಸಿ, ಜೀವನಚರಿತ್ರೆಯನ್ನು ಕೊನೆಗೆ ಇಟ್ಟುಕೊಳ್ಳಿ. ಹೊತ್ತು ಕಡಿಮೆಯಾದರೆ ಅದನ್ನು ಚಿಕ್ಕದು ಮಾಡಬಹುದು, ಅರ್ಧ ಆವರ್ತಕ್ಕೆ ನಿಂತ ಸ್ವರಲಿಪಿಯನ್ನು ಆಗುವುದಿಲ್ಲ. ಸ್ವರಲಿಪಿ ಬರೆಯುವಾಗ ತುಟಿ ಅಲ್ಲಾಡಿದರೆ, ಮೇಜಿನ ಕೆಳಗೆ ತೊಡೆಯ ಮೇಲೆ ಬೆರಳು ಎಣಿಸಿದರೆ ಸಂಕೋಚಪಡಬೇಡಿ, ಪಕ್ಕದ ಬೆಂಚಿನವರೂ ಅದನ್ನೇ ಮಾಡುತ್ತಿರುತ್ತಾರೆ. ಸದ್ದು ಮಾತ್ರ ಬಾರದಿರಲಿ.

ಆ ಕಚ್ಚಾ ಪುಟದಲ್ಲಿ ಬರೆದದ್ದನ್ನೇ ಹಾಡುವ ಪರೀಕ್ಷೆಯ ಹಿಂದಿನ ರಾತ್ರಿಯೂ ಒಮ್ಮೆ ನೋಡಿಕೊಳ್ಳಿ. ವರ್ಣ ಮುಗಿಸಿದ ಕೂಡಲೇ "ಇದು ಎಷ್ಟನೇ ಮೇಳದ ಜನ್ಯ? ತಾಳದ ಅಂಗ ಹೇಳಿ" ಎಂದು ಪರೀಕ್ಷಕರು ಕೇಳುವುದು ಮಾಮೂಲು.